ನೂರ ನಲವತ್ತನಾಲ್ಕನೇ ಬಾಗಿಲು

ಆಕೆಯ ಹೆಸರು ಗೊತ್ತಿರುವವರು ಈ ಊರಿನಲ್ಲಿ ಹತ್ತು ಜನ ಇರಲಿಕ್ಕಿಲ್ಲ. ಆಕೆ ತನ್ನ ಕೈಯಾರೆ ಬರೆದುಕೊಂಡ ಹೆಸರುಗಳು ಮಾತ್ರ ಹದಿನೈದು ಸಾವಿರ ದಾಟಿವೆ. ಬಾಗಿಲು ತೆರೆದ ಕೂಡಲೇ "ಮನೇಲಿ ಎಷ್ಟು ಜನ?" ಎಂದು ಕೇಳುತ್ತಿದ್ದಳು. ಹಾಗಾಗಿ ಬೀದಿಯವರೆಲ್ಲ ಸೇರಿ ‘ಎಷ್ಟು ಜನ ಅಕ್ಕ’ ಎಂದು ಹೆಸರಿಟ್ಟರು. ಮಕ್ಕಳಂತೂ ದೂರದಿಂದ ಆಕೆಯ ಚೀಲ ಕಂಡರೆ ಸಾಕು, "ನಾಲ್ಕು ಜನ, ಒಂದು ಬೆಕ್ಕು" ಎಂದು ಕೂಗಿ ಓಡಿಹೋಗುತ್ತಿದ್ದವು. "ಬೆಕ್ಕಿಗೆ ಕಾಲಂ ಇಲ್ಲ ಕಣ್ರೋ" ಎಂದು ಆಕೆ ಹಿಂದಿನಿಂದ ಕೂಗುತ್ತಿದ್ದಳು.

ಹತ್ತು ವರ್ಷಕ್ಕೊಮ್ಮೆ ಬರುವ ದೊಡ್ಡ ಗಣತಿ ಎಲ್ಲರಿಗೂ ಗೊತ್ತು. ಆದರೆ ಒಂದು ಗಣತಿಯಿಂದ ಇನ್ನೊಂದು ಗಣತಿಯವರೆಗೆ ಜನ ಉಸಿರು ಬಿಗಿಹಿಡಿದು ಕೂತಿರುವುದಿಲ್ಲವಲ್ಲ. ಹುಟ್ಟುತ್ತಾರೆ, ಸಾಯುತ್ತಾರೆ, ಕೆಲಸ ಕಳೆದುಕೊಳ್ಳುತ್ತಾರೆ, ಮನೆ ಬಿಟ್ಟು ಹೋಗುತ್ತಾರೆ. ಅದನ್ನೆಲ್ಲ ಹಿಡಿಯಲು ವರ್ಷವಿಡೀ ನಡೆಯುವ ಸಮೀಕ್ಷೆಯೊಂದಿದೆ. ಅದು ಎಲ್ಲರ ಮನೆಗೂ ಹೋಗುವುದಿಲ್ಲ. ಚೀಟಿ ಎತ್ತಿದ ಹಾಗೆ ಕೆಲವು ಮನೆಗಳನ್ನು ಆರಿಸುತ್ತಾರೆ. ಆರಿಸಿದ ಮನೆಗೆ ಮೂರು ತಿಂಗಳಿಗೊಮ್ಮೆ, ಒಟ್ಟು ಐದು ಸಲ ಹೋಗಬೇಕು. ಐದನೇ ಸಲ ಮುಗಿದ ಮೇಲೆ ಆ ಮನೆ ಪಟ್ಟಿಯಿಂದ ಬಿದ್ದುಹೋಗುತ್ತದೆ, ಅದರ ಜಾಗಕ್ಕೆ ಬೇರೆ ಮನೆ ಬರುತ್ತದೆ. ಆಕೆ ಮಾಡುತ್ತಿದ್ದದ್ದು ಆ ಕೆಲಸ. ಇಪ್ಪತ್ತಾರು ವರ್ಷ ಮಾಡಿದಳು, ಹನ್ನೊಂದು ಹನ್ನೊಂದು ತಿಂಗಳ ಗುತ್ತಿಗೆಯ ಮೇಲೆ. ಪೇಪರಿನಲ್ಲಿ ‘ನಿರುದ್ಯೋಗ ಶೇಕಡಾ ಇಷ್ಟು’ ಎಂದು ಓದಿ, ನಾಲ್ಕು ಮಾತು ಬೈದು ಪುಟ ಮಗುಚುತ್ತೇವಲ್ಲ, ಆ ಶೇಕಡಾ ಆಕಾಶದಿಂದ ಉದುರಿದ್ದಲ್ಲ. ಆಕೆಯಂಥವರು ಮೂರು ಮಹಡಿ ಹತ್ತಿ, ಬೀಗ ನೋಡಿ ಇಳಿದು, ಮತ್ತೆ ಸಂಜೆ ಹತ್ತಿ ತಂದದ್ದು.

ನಾವಾದರೂ ಆಕೆಯನ್ನು ಹೇಗೆ ನಡೆಸಿಕೊಂಡೆವು? ಕಿಟಕಿಯ ಪರದೆ ಸರಿಸಿ ನೋಡಿ ಸುಮ್ಮನಾದೆವು. ಒಬ್ಬ ಮಹಾಶಯ ಒಳಗಿನಿಂದಲೇ "ಮನೇಲಿ ಯಾರೂ ಇಲ್ಲ" ಎಂದನಂತೆ. ಆಕೆ ಹೊರಗಿನಿಂದ, "ಹಾಗಿದ್ರೆ ಮಾತಾಡ್ತಿರೋರು ಯಾರು? ಅವರನ್ನಾದ್ರೂ ಬರ್ಕೋತೀನಿ, ಬಾಗಿಲು ತೆಗೀರಿ" ಎಂದಳು. ಬಾಗಿಲು ತೆರೆಯಿತು.

ಪ್ರಶ್ನೆ ಕೇಳುವುದರಲ್ಲಿ ಆಕೆಗೆ ತನ್ನದೇ ಒಂದು ಹದವಿತ್ತು. ಹೆಂಗಸರಿಗೆ ಕೇಳಬೇಕಾದ ಎರಡು ಪ್ರಶ್ನೆಗಳು ಫಾರಂನಲ್ಲಿ ಒಂದರ ಕೆಳಗೊಂದು ಇರುತ್ತವೆ: ಹೆತ್ತ ಮಕ್ಕಳು ಎಷ್ಟು, ಈಗ ಇರುವ ಮಕ್ಕಳು ಎಷ್ಟು. ಹೊಸಬರು ಎರಡನ್ನೂ ಒಂದೇ ಉಸಿರಿನಲ್ಲಿ ಕೇಳಿಬಿಡುತ್ತಾರೆ. ಆಕೆ ಮೊದಲನೆಯದನ್ನು ಕೇಳಿ, ಉತ್ತರ ಬರೆದು, ಪೆನ್ನನ್ನು ಫಾರಂ ಮೇಲೆ ಮಲಗಿಸಿ, ನೀರು ಕೇಳುತ್ತಿದ್ದಳು. ಆ ಹೆಂಗಸು ಒಳಗೆ ಹೋಗಿ ನೀರು ತರುವಷ್ಟು ಹೊತ್ತು ಬಿಟ್ಟು, ಎರಡನೆಯದನ್ನು ಕೇಳುತ್ತಿದ್ದಳು. ಇದನ್ನು ಆಕೆಗೆ ಯಾವ ತರಬೇತಿಯಲ್ಲೂ ಹೇಳಿಕೊಟ್ಟಿರಲಿಲ್ಲ.

ಆ ವರ್ಷ ಆಕೆಯ ಪಟ್ಟಿಯಲ್ಲಿದ್ದ ಮನೆಗಳಲ್ಲಿ ಒಂದು ಗುಂಡಿ ಅಜ್ಜಿಯದು. ಮೊದಲ ಸಲ ಹೋದಾಗ ಅಜ್ಜಿಯ ಮಗ ಬಾಗಿಲಲ್ಲೇ ನಿಂತು ಎಲ್ಲರ ಲೆಕ್ಕ ಒಪ್ಪಿಸಿದ. ತಾನು ಲಾರಿ ಓಡಿಸುತ್ತೇನೆ, ಹೆಂಡತಿ ಕ್ಲಿನಿಕ್ಕಿನಲ್ಲಿ ಗುಡಿಸುತ್ತಾಳೆ.

"ನಿಮ್ಮ ತಾಯಿ?"

"ಅಮ್ಮ ಏನೂ ಮಾಡಲ್ಲ. ಸುಮ್ನೆ ಕೂತಿರ್ತಾಳೆ."

ಆಕೆ ಮಗನ ಹೆಗಲಿನ ಮೇಲಿಂದ ಒಳಗೆ ನೋಡಿದಳು. ಮುದುಕಿ ಗೋಡೆಗೊರಗಿ ಕಾಲು ಚಾಚಿ ಕೂತಿದ್ದಳು. ಸುತ್ತ ಬಿಳಿ ಅಂಗಿಗಳ ರಾಶಿ, ಮಡಿಲಿನಲ್ಲಿ ಡಬ್ಬಿ ತುಂಬ ಗುಂಡಿಗಳು.

"ಅವರನ್ನೇ ಕೇಳ್ತೀನಿ. ಅಜ್ಜಿ, ಕಳೆದ ಏಳು ದಿನದಲ್ಲಿ ಏನು ಕೆಲಸ ಮಾಡಿದ್ರಿ?"

"ನಾನಾ? ನಾನೇನ್ ಮಾಡ್ತೀನಮ್ಮ. ಗುಂಡಿ ಹಾಕ್ತೀನಿ."

"ಎಷ್ಟು ಅಂಗಿಗೆ?"

"ದಿನಕ್ಕೆ ಮೂವತ್ತು. ಕಣ್ಣು ಚೆನ್ನಾಗಿದ್ರೆ ನಲವತ್ತು."

"ನೆನಪಿಸಿಕೊಳ್ಳಿ. ಮೊದಲಿನಿಂದ ಬೇಡ, ನಿನ್ನೆಯಿಂದ ಶುರು ಮಾಡಿ. ನಿನ್ನೆ ಎಷ್ಟು, ಮೊನ್ನೆ ಎಷ್ಟು, ಹಾಗೇ ಹಿಂದಕ್ಕೆ ಹೋಗಿ."

ಅಜ್ಜಿ ಬೆರಳು ಮಡಚುತ್ತಾ ಏಳು ದಿನ ಹಿಂದಕ್ಕೆ ಹೋದಳು. ಆಕೆ ‘ಉದ್ಯೋಗಿ’ ಎಂದು ಬರೆದುಕೊಂಡಳು. ಮಗ ಬಾಗಿಲು ಬಿಟ್ಟು ಪಕ್ಕಕ್ಕೆ ಸರಿದ. ಎಪ್ಪತ್ತೊಂದನೇ ವಯಸ್ಸಿನಲ್ಲಿ ಗುಂಡಿ ಅಜ್ಜಿ ಮೊದಲ ಸಲ ದುಡಿಯುವವರ ಲೆಕ್ಕಕ್ಕೆ ಸೇರಿದಳು.

ನಾಲ್ಕನೇ ಸಲ ಹೋದಾಗ ಅಜ್ಜಿ ಕೇಳಿದಳು: "ಇನ್ನು ಬರ್ತೀರಲ್ಲ?"

"ಇನ್ನೊಂದು ಸಲ. ಆಮೇಲೆ ನಿಮ್ಮ ಮನೆ ಮುಗೀತು."

"ಮನೆ ಮುಗಿಯೋದು ಅಂದ್ರೇನಮ್ಮ, ನಾವೆಲ್ಲ ಇಲ್ಲೇ ಇರ್ತೀವಿ."

ಆಕೆ ಫಾರಂ ಮಡಚಿ ಚೀಲಕ್ಕೆ ಹಾಕಿದಳು. ಐದು ಸಲ ಹೋದ ಮನೆಯ ಒಳಗುಟ್ಟೆಲ್ಲ ಗೊತ್ತಿರುತ್ತದೆ. ಯಾರು ಕುಡಿಯುತ್ತಾರೆ, ಯಾರ ಮಗು ಉಳಿಯಲಿಲ್ಲ, ಯಾವ ಸೊಸೆ ಬೇರೆ ಒಲೆ ಹೂಡಿದಳು, ಎಲ್ಲವೂ. ಒಂದೇ ಅಡುಗೆಮನೆಯಲ್ಲಿ ಉಣ್ಣುವವರು ಒಂದು ಕುಟುಂಬ ಎನ್ನುವುದು ಸಮೀಕ್ಷೆಯ ನಿಯಮ. ಹಾಗಾಗಿ ಮನೆ ಒಡೆದದ್ದು ನೆಂಟರಿಗಿಂತ ಮೊದಲು ಆಕೆಗೆ ತಿಳಿಯುತ್ತಿತ್ತು. ಆದರೆ ತನ್ನ ವಿಷಯ ಅಲ್ಲಿ ಒಂದಕ್ಷರ ಆಡುವಂತಿಲ್ಲ. ಕೇಳುವವರು ತಮ್ಮ ಕಥೆ ಹೇಳಿದರೆ ಉತ್ತರಗಳು ಆ ಕಡೆ ವಾಲುತ್ತವೆ ಎಂದು ಕೈಪಿಡಿಯಲ್ಲಿ ಬರೆದಿದೆ. ಐದನೇ ಸಲದ ನಂತರ ಆ ಬಾಗಿಲು ತಟ್ಟಲು ಕಾರಣವೂ ಇರುವುದಿಲ್ಲ. ಸಂತೆಯಲ್ಲಿ ಎದುರಾದರೆ ಆ ಜನ ಗಕ್ಕನೆ ನಿಂತು, ‘ಈಕೆಯನ್ನು ಎಲ್ಲಿ ನೋಡಿದ್ದು’ ಎನ್ನುವ ಮುಖ ಮಾಡಿ ಮುಂದೆ ಹೋಗುತ್ತಿದ್ದರು.

ಆಕೆಯದು ಬೈಂಡರನ ಅಂಗಡಿಯ ಮೇಲಿನ ಒಂಟಿ ಕೋಣೆ. ಪಕ್ಕದಿಂದ ಹದಿನಾಲ್ಕು ಮೆಟ್ಟಿಲು ಹತ್ತಬೇಕು. ಕೆಳಗೆ ಬೈಂಡರ್ ಹಳೆ ಪುಸ್ತಕಗಳಿಗೆ ರಟ್ಟು ಕಟ್ಟುತ್ತಿದ್ದ, ಅಂಟಿನ ವಾಸನೆ ಮೇಲಿನವರೆಗೆ ಬರುತ್ತಿತ್ತು. ಒಳಗೊಂದು ಮಂಚ, ಒಂದು ಕುರ್ಚಿ, ಒಂದು ಸ್ಟೌ, ಎರಡು ತಟ್ಟೆ. ಎರಡನೆಯದು ಮೊದಲನೆಯದರ ಮೇಲೆ ಮುಚ್ಚಲು. ಮೊಳೆಗೆ ನೇತುಹಾಕಿದ ಚೀಲ. ಅಷ್ಟೇ. ಮದುವೆಯಾಗಿರಲಿಲ್ಲ. ತಾಯಿ ಇರುವವರೆಗೆ ಅಣ್ಣನ ಮನೆಯಲ್ಲಿದ್ದಳು. ತಾಯಿ ಹೋದ ಮೇಲೆ ಅಣ್ಣನ ಮಕ್ಕಳಿಗೆ ಓದಲು ಕೋಣೆ ಬೇಕೆಂದಾಯಿತು. ಯಾರೂ ಹೋಗೆನ್ನಲಿಲ್ಲ, ಯಾರೂ ಇರೆನ್ನಲೂ ಇಲ್ಲ. ಒಂಬತ್ತು ವರ್ಷದ ಹಿಂದೆ ಹೊರಟು ಬಂದಳು. ಆಕೆಯ ಕಬ್ಬಿಣದ ಬೀರು ಮಾತ್ರ ಅಲ್ಲೇ ಉಳಿಯಿತು.

ಇನ್ನು ಆಕೆ ಮಾಡಿದ ಒಂದು ತಪ್ಪಿಗೆ ಬರುತ್ತೇನೆ.

ದೊಡ್ಡ ಗಣತಿ ಬಂತೆಂದರೆ ಮೇಷ್ಟ್ರುಗಳು, ಗುಮಾಸ್ತರು, ಆಕೆಯಂಥವರು, ಎಲ್ಲರ ಕೈಗೂ ಊರಿನ ಒಂದೊಂದು ತುಂಡು ಕೊಡುತ್ತಾರೆ. ತುಂಡಿಗೆ ಬ್ಲಾಕ್ ಎನ್ನುತ್ತಾರೆ. ಮೊದಲು ಬರುವುದು ಮನೆಪಟ್ಟಿ: ಬ್ಲಾಕಿನ ಪ್ರತಿ ಬಾಗಿಲಿನ ಮೇಲೆ ಕೆಂಪು ಮೇಣದ ಬಳಪದಿಂದ ನಂಬರ್ ಬರೆದು ಪುಸ್ತಕಕ್ಕೆ ಏರಿಸಬೇಕು. ಕೆಲವು ತಿಂಗಳ ನಂತರ ಅದೇ ಪಟ್ಟಿ ಹಿಡಿದು ತಲೆ ಎಣಿಸುತ್ತಾರೆ. ಆ ಸಲ ಆಕೆಯ ಬ್ಲಾಕಿನ ಗಡಿ ಆಕೆಯ ಗಲ್ಲಿಯ ನಟ್ಟನಡುವೆ ಹಾದುಹೋಗಿತ್ತು. ಎಡಗಡೆ ಆಕೆಯದು. ಆಕೆಯ ಮನೆಯಿದ್ದ ಬಲಗಡೆ, ಪಕ್ಕದ ಶಾಲೆಯ ಗಣಿತದ ಮೇಷ್ಟ್ರದು.

ತನ್ನ ಬ್ಲಾಕಿನ ಮನೆಪಟ್ಟಿ ಮುಗಿಯುವ ದಿನ ಆಕೆ ಬೆಳಗಿನಿಂದ ನಿಂತೇ ಇದ್ದಳು. ನೂರ ನಲವತ್ತಮೂರನೆಯದು ಒಂದು ಗೋದಾಮು. ಎಲ್ಲರೂ ಅಲ್ಲಿ ಯಾರೂ ಇಲ್ಲ ಎಂದರು. ಆಕೆ ಕಿಂಡಿಯಿಂದ ಇಣುಕಿ ಒಂದು ಹಲ್ಲುಜ್ಜುವ ಬ್ರಷ್ ಕಂಡು, ಮೂರು ಗಂಟೆ ಕಾದು, ಇಸ್ತ್ರಿ ಮಾಡುವವನೊಬ್ಬ ಅಲ್ಲಿ ಮಲಗುತ್ತಾನೆಂದು ಪತ್ತೆ ಹಚ್ಚಿ ಬರೆದುಕೊಂಡಳು. ಅಲ್ಲಿಗೆ ಪಟ್ಟಿ ಮುಗಿಯಿತು. ಗಲ್ಲಿ ದಾಟಿ ತನ್ನ ಮೆಟ್ಟಿಲು ಹತ್ತಿದಳು. ಕೈ ತಾನಾಗಿ ಮೇಲೆದ್ದಿತು. ಬಾಗಿಲಿನ ಎಡಮೂಲೆಯಲ್ಲಿ ದುಂಡಗೆ 144 ಎಂದು ಬರೆಯಿತು. ಅಷ್ಟೇ ಅಲ್ಲ, ಬಾಗಿಲು ತಟ್ಟಿದಳು ಕೂಡ. ತಟ್ಟಿ, ಯಾರಾದರೂ ತೆರೆಯಲೆಂದು ಕಾದಳು. ಬೀಗ ಕಣ್ಣೆದುರೇ ಇತ್ತು.

"ಎಷ್ಟು ಹೊತ್ತು ನಿಂತಿದ್ರಿ?" ಎಂದು, ಆಕೆ ಇದನ್ನು ಹೇಳುವಾಗ ನಾನು ಕೇಳಿದೆ.

"ಗೊತ್ತಿಲ್ಲ. ಯಾರೂ ತೆಗೀಲಿಲ್ಲ ಅಂದ್ಮೇಲೆ ಬೀಗದ ಕೈ ಹುಡುಕಿದೆ."

ಒದ್ದೆ ಬಟ್ಟೆಯಿಂದ ಉಜ್ಜಿದಳು. ಮೇಣ ಮರಕ್ಕೆ ಕಚ್ಚಿಕೊಂಡಿತ್ತು. ನಾಳೆ ಮೇಷ್ಟ್ರು ಬರುತ್ತಾರೆ, ಹೊಡೆದುಹಾಕಿ ಅವರ ನಂಬರ್ ಬರೆಯುತ್ತಾರೆ ಎಂದುಕೊಂಡು ಮಲಗಿದಳು. ತನ್ನ ಪುಸ್ತಕದಲ್ಲಿ 144 ಎಂದು ಬರೆಯಲಿಲ್ಲ. ಅದು ತನ್ನ ಬ್ಲಾಕ್ ಅಲ್ಲವಲ್ಲ.

ತಲೆ ಎಣಿಸುವ ಇಪ್ಪತ್ತು ದಿನ ಆಕೆ ಬೆಳಕು ಹರಿಯುವ ಮೊದಲೇ ಮನೆ ಬಿಡುತ್ತಿದ್ದಳು. ಇಡೀ ಊರು ಹುಡುಕುತ್ತಿದ್ದವಳು ತನ್ನ ಮನೆಯಲ್ಲಿ ಯಾರಿಗೂ ಸಿಗುವಂತಿರಲಿಲ್ಲ. ಅದಕ್ಕೆಂದೇ ಒಂದು ಚೀಟಿಯಲ್ಲಿ ಹೆಸರು, ವಯಸ್ಸು, ಅವಿವಾಹಿತೆ, ಕುಟುಂಬದ ಯಜಮಾನರು: ಸ್ವತಃ, ಒಟ್ಟು ಸದಸ್ಯರು: ಒಂದು, ಹೀಗೆ ಎಲ್ಲವನ್ನೂ ಬರೆದು ಬೈಂಡರನ ಕೈಗೆ ಕೊಟ್ಟು, "ಮೇಷ್ಟ್ರು ಬಂದ್ರೆ ಕೊಡಿ" ಎಂದು ಹೇಳಿಟ್ಟಳು. ಗಣತಿ ಮುಗಿಯಿತು. ಆಕೆಯ ಬ್ಲಾಕಿನಲ್ಲಿ ಒಂದು ತಲೆಯೂ ತಪ್ಪಿರಲಿಲ್ಲ. ಸೂಪರ್‌ವೈಸರ್ ಎಲ್ಲರೆದುರು ಹೊಗಳಿದ.

ಎರಡು ತಿಂಗಳು ಕಳೆದು, ಒಂದು ಭಾನುವಾರ ಬೆಳಗ್ಗೆ ಆಕೆ ಬಟ್ಟೆ ಒಗೆಯುತ್ತಿದ್ದಾಗ ಬಾಗಿಲಲ್ಲಿ ಒಬ್ಬ ಗಂಡಸು ನಿಂತಿದ್ದ. ನಡುವಯಸ್ಸು, ಬೇರೆ ಊರಿನವನು, ದಾರ ಕಟ್ಟಿದ ಕನ್ನಡಕ. ಗಣತಿಯಾದ ಮೇಲೆ ಕೆಲವೇ ಬ್ಲಾಕುಗಳನ್ನು ಆರಿಸಿ, ಹೊರಗಿನವರನ್ನು ಕಳಿಸಿ, ಎಣಿಸಿದ್ದನ್ನೇ ಮತ್ತೆ ಎಣಿಸುತ್ತಾರೆ. ಎಷ್ಟು ಜನ ಬಿಟ್ಟುಹೋದರು, ಎಷ್ಟು ಜನ ಎರಡು ಸಲ ಬಂದರು ಎಂದು ತಿಳಿಯಲು. ಈತ ಆ ತಪಾಸಣೆಯವನು.

"ಮನೇಲಿ ಎಷ್ಟು ಜನ?"

ಆಕೆ ಸೋಪಿನ ಕೈ ಹಿಡಿದುಕೊಂಡು ನಿಂತಳು. ಆ ಪ್ರಶ್ನೆ ತನ್ನ ಕಡೆಗೆ ಬಂದದ್ದನ್ನು ಆಕೆ ಎಂದೂ ಕೇಳಿರಲಿಲ್ಲ.

"ಇನ್ನೊಂದು ಸಲ ಕೇಳಿ."

"ಮನೇಲಿ ಎಷ್ಟು ಜನ ಇದ್ದೀರಮ್ಮ?"

"ಒಬ್ಬಳು."

"ಒಬ್ಬರೇನಾ?"

"ಹಾಗೆ ತಿರುಗಿ ಕೇಳ್ಬಾರದು. ಒಬ್ಬರು ಅಂದ್ಮೇಲೆ ಬರ್ಕೊಂಡು ಮುಂದಿನ ಪ್ರಶ್ನೆಗೆ ಹೋಗ್ಬೇಕು."

ಅವನು ಕನ್ನಡಕದ ಮೇಲಿಂದ ನೋಡಿದ. ಮೊಳೆಯಲ್ಲಿದ್ದ ಚೀಲ ಕಂಡು ಮುಗುಳ್ನಕ್ಕ. "ಓಹೋ, ನಮ್ಮೋರೇ. ಹಾಗಾದ್ರೆ ಬೇಗ ಮುಗಿಯುತ್ತೆ. ಗಣತಿ ಟೈಮಲ್ಲಿ ಇಲ್ಲೇ ಇದ್ರಾ? ಯಾರಾದ್ರೂ ಬಂದು ನಿಮ್ಮ ಹೆಸರು ಬರ್ಕೊಂಡ್ರಾ? ಇಲ್ಲಾ, ಬೇರೆ ಯಾರ ಮನೇಲಾದ್ರೂ ನಿಮ್ಮನ್ನ ಸೇರಿಸಿದಾರಾ?"

ಇಪ್ಪತ್ತಾರು ವರ್ಷ ಸಾವಿರ ಬಾಗಿಲುಗಳಲ್ಲಿ ಕೇಳಿ ಕೇಳಿ ರೋಸಿಹೋಗಿದ್ದ ಮಾತು ಆಕೆಯ ಬಾಯಿಂದಲೇ ಬಂತು. "ನಾಳೆ ಬನ್ನಿ."

"ನೀವೂ ಹಾಗೇ ಅಂದ್ರೆ ನಾನು ಎಲ್ಲಿಗೆ ಹೋಗ್ಲಿ?" ಎಂದು ಅವನು ನಕ್ಕ. "ಮಂಗಳವಾರ ಸಂಜೆ ಬರ್ತೀನಿ. ಅದು ದಾಟಿದ್ರೆ ಆಗಲ್ಲ."

ಅವನು ಇಳಿದದ್ದೇ ತಡ ಆಕೆ ಬೈಂಡರನ ಬಳಿ ಹೋದಳು. ಅವನು ಅಂಟಿನ ಡಬ್ಬ ಎತ್ತಿದ. ಅದರಡಿ ಆಕೆಯ ಚೀಟಿ, ಡಬ್ಬದ ಉಂಗುರದ ಗುರುತು ಹೊತ್ತು ಹಲಗೆಗೆ ಅಂಟಿಕೊಂಡಿತ್ತು.

"ಕೊಡೋಕೆ ಹೋದೆ ಅಕ್ಕ. ಅವರು ತಗೊಳ್ಲಿಲ್ಲ. ನಿಮ್ಮ ಮನೇಲಿ ಎಷ್ಟು ಅಂದ್ರು, ಆರು ಅಂದೆ. ಮೇಲೊಬ್ಬರಿದಾರೆ ಅಂತ ಕೈ ತೋರಿಸ್ದೆ. ಅದು ನಂದಲ್ಲ, ಎದುರು ಬ್ಲಾಕಿಂದು, ನಂಬರ್ ಬಿದ್ದಿದೆ ನೋಡಿ ಅಂದ್ರು. ಸರ್ಕಾರದೋರೇ ಹಾಗಂದ್ಮೇಲೆ ನಾನೇನು ಹೇಳ್ಲಿ?"

ಆಕೆ ಹೊರಗೆ ಬಂದು ತಲೆಯೆತ್ತಿದಳು. ಗಲ್ಲಿಯ ತುದಿಯಿಂದಲೂ ಕಾಣುವಂತೆ, ಆಕೆಯದೇ ದುಂಡು ಅಕ್ಷರದಲ್ಲಿ, 144. ಮೇಷ್ಟ್ರು ಅದನ್ನು ಹೊಡೆದೇ ಇರಲಿಲ್ಲ, ದಿನಾ ನೋಡಿ ನೋಡಿ ಆಕೆಗೂ ಅದು ಕಾಣದಂತಾಗಿತ್ತು.

ಇನ್ನೊಂದು ದಾರಿ ಉಳಿದಿತ್ತು. ತಪಾಸಣೆಯವನೇ ಕೇಳಿದ್ದನಲ್ಲ: ಬೇರೆ ಯಾರ ಮನೆಯಲ್ಲಾದರೂ ನಿಮ್ಮನ್ನು ಸೇರಿಸಿದ್ದಾರಾ? ಅಂದೇ ಎರಡು ಬಸ್ ಬದಲಿಸಿ ಅಣ್ಣನ ಮನೆಗೆ ಹೋದಳು. ನಿಯಮದ ಪ್ರಕಾರ ಆಕೆಯ ಹೆಸರು ಅಲ್ಲಿ ಇರಕೂಡದು. ಆರು ತಿಂಗಳಿಂದ ವಾಸವಿರಬೇಕು, ಒಂದೇ ಅಡುಗೆಮನೆಯಲ್ಲಿ ಉಣ್ಣಬೇಕು. ಇದು ಆಕೆಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅಂಥ ತಪ್ಪು ಸೇರ್ಪಡೆಗಳನ್ನು ಆಕೆಯೇ ನೂರಾರು ಸಲ ಕೆಂಪು ಶಾಯಿಯಲ್ಲಿ ಹೊಡೆದುಹಾಕಿದ್ದಳು. ಆದರೂ ಬಸ್ಸಿನ ಕಿಟಕಿಗೆ ತಲೆ ಒರಗಿಸಿಕೊಂಡು, ತಪ್ಪಾಗಿಯಾದರೂ ಸರಿ, ಯಾರಾದರೂ ತನ್ನನ್ನು ಸೇರಿಸಿರಲಿ ಎಂದು ಬಯಸಿದಳು.

ಅತ್ತಿಗೆ ಟೀ ತಂದಿಟ್ಟಳು. ಅಣ್ಣ ಟಿವಿಯ ಸದ್ದು ಸ್ವಲ್ಪ ತಗ್ಗಿಸಿದ.

"ಅತ್ತಿಗೆ, ಗಣತಿಯವರು ಬಂದಾಗ ಎಷ್ಟು ಜನ ಅಂತ ಬರ್ಸಿದ್ರಿ?"

"ಐದು."

ಅಣ್ಣ, ಅತ್ತಿಗೆ, ಇಬ್ಬರು ಮಕ್ಕಳು. ನಾಲ್ಕು. ಆಕೆ ಲೋಟ ಕೆಳಗಿಟ್ಟಳು.

"ಐದನೆಯವರು ಯಾರು?"

"ನನ್ನ ತಮ್ಮ ಇದ್ನಲ್ಲ ಆವಾಗ. ಕೆಲಸ ಹುಡುಕ್ತಾ ಒಂದು ನಾಲ್ಕು ತಿಂಗಳು ಇದ್ದ."

"ನಾಲ್ಕು ತಿಂಗಳಾದ್ರೆ ಬರ್ಸೋ ಹಾಗಿಲ್ಲ" ಎಂದಳು ಆಕೆ.

"ಬಿಡೇ, ಇರೋನನ್ನ ಇದಾನೆ ಅಂದ್ವಿ. ನಿಂದು ನೀನು ಬರ್ಸಿರ್ತೀಯಲ್ಲ. ಊರಿನೋರದ್ದೆಲ್ಲ ಬರೆಯೋಳಿಗೆ ನಿಂದು ಬರ್ಕೊಳ್ಳೋದು ಕಷ್ಟನಾ?"

"ಯಾಕೆ, ಏನಾಯ್ತು?" ಎಂದ ಅಣ್ಣ, ಟಿವಿಯಿಂದ ಕಣ್ಣು ತೆಗೆಯದೆ.

"ಏನಿಲ್ಲ."

"ಊಟ ಮಾಡ್ಕೊಂಡು ಹೋಗು."

ಆ ಮನೆಯಲ್ಲಿ ಆ ಮಾತಿಗೆ ಇನ್ನು ಹೊರಡು ಎಂದರ್ಥ. ಹೊರಡುವಾಗ ತನ್ನ ಕಬ್ಬಿಣದ ಬೀರು ನೋಡಿದಳು. ಅದರ ತುಂಬ ಮಕ್ಕಳ ಹಳೆ ಪುಸ್ತಕಗಳು.

ಸೋಮವಾರ ಮಧ್ಯಾಹ್ನ ಶಾಲೆಯ ಬಿಡುವಿನಲ್ಲಿ ಗಣಿತದ ಮೇಷ್ಟ್ರನ್ನು ಹಿಡಿದಳು. ಆತ ಕೆಟ್ಟವನಲ್ಲ. ಬೆಳಗ್ಗೆ ಪಾಠ, ಸಂಜೆ ಗಣತಿ, ನಡುವೆ ತಂದೆಯ ಆಸ್ಪತ್ರೆ ಓಡಾಟ. ಅದರಲ್ಲೇ ನೂರ ಅರವತ್ತು ಬಾಗಿಲು ತಟ್ಟಿದವನು. ವಿಷಯ ಕೇಳಿ ಆತ ಸೀಮೆಸುಣ್ಣದ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ. ಪ್ಯಾಂಟೆಲ್ಲ ಬಿಳಿಯಾಯಿತು.

"ನನಗೆ ನೋಟಿಸ್ ಬರುತ್ತೆ ಅಕ್ಕ."

"ನಂಬರ್ ಬರೆದೋಳು ನಾನು. ಅದನ್ನೇ ಹೇಳ್ತೀನಿ."

"ಹೇಳಿದ್ರೆ ನಿಮ್ಮನ್ನ ತೆಗೀತಾರೆ. ಬೇರೆ ಬ್ಲಾಕಲ್ಲಿ ಒಂದು ಗೀಟೂ ಎಳೀಬೇಡಿ ಅಂತ ಮೊದಲನೇ ದಿನವೇ ಹೇಳಿದ್ರಲ್ಲ. ನಿಮ್ಮ ಗುತ್ತಿಗೆ ಯಾವಾಗ ಮುಗಿಯೋದು?"

"ಮುಂದಿನ ತಿಂಗಳು."

ಮೇಷ್ಟ್ರು ಸುತ್ತ ನೋಡಿ ದನಿ ಇಳಿಸಿದ. "ಒಂದು ಕೆಲಸ ಮಾಡಿ. ಗಣತಿ ಟೈಮಲ್ಲಿ ನಾನಿಲ್ಲಿ ಇರ್ಲಿಲ್ಲ, ಆಮೇಲೆ ಬಂದೆ ಅಂದ್ಬಿಡಿ. ಅಲ್ಲಿಗೆ ನೀವು ಲೆಕ್ಕಕ್ಕೇ ಬರಲ್ಲ. ನೀವೂ ಉಳೀತೀರಿ, ನಾನೂ ಉಳೀತೀನಿ. ಒಬ್ಬರು ಬಿಟ್ಟುಹೋದ್ರೆ ದೇಶ ಮುಳುಗುತ್ತಾ?"

"ಲೆಕ್ಕದಲ್ಲಿ ಒಂದು ಬಿಟ್ರೆ ನಿಮ್ಮ ಮಕ್ಕಳಿಗೆ ಮಾರ್ಕ್ಸ್ ಕೊಡ್ತೀರಾ ಮೇಷ್ಟ್ರೇ?"

"ವಿಧಾನ ಸರಿ ಇದ್ರೆ ಅರ್ಧ ಕೊಡ್ತೀನಿ ಅಕ್ಕ. ನಾನೇನು ಕಟುಕ ಅಲ್ಲ."

ಆಕೆಗೆ ನಗು ಬಂತು. ನಕ್ಕು ಎದ್ದಳು. ಆದರೆ ದಾರಿಯುದ್ದಕ್ಕೂ ‘ಒಬ್ಬರು ಬಿಟ್ಟುಹೋದ್ರೆ’ ಎನ್ನುವುದು ಚಪ್ಪಲಿಯೊಳಗಿನ ಕಲ್ಲಿನಂತೆ ಚುಚ್ಚುತ್ತಿತ್ತು. ಬಾಗಿಲು ಹಾಕಿಕೊಂಡವರೆಲ್ಲ ಆಕೆಗೆ ಹೇಳಿದ್ದು ಅದನ್ನೇ: ನಾನೊಬ್ಬ ಇಲ್ಲದಿದ್ದರೆ ಏನಾಯ್ತು? ಆಕೆ ಅವರಿಗೆ ಹೇಳುತ್ತಿದ್ದದ್ದು ಒಂದೇ: ನೀವೊಬ್ಬರು ಇಲ್ಲ ಅಂತ ಬರೆಯೋಕೆ ನನ್ನ ಹತ್ರ ಜಾಗ ಇಲ್ಲ. ಈಗ ತಾನೇ ‘ನಾನಿರಲಿಲ್ಲ’ ಎನ್ನಬೇಕು. ಅಂದರೆ ಕೆಲಸ ಉಳಿಯುತ್ತದೆ, ಚೀಲ ಉಳಿಯುತ್ತದೆ, ತಟ್ಟಲು ಬಾಗಿಲುಗಳು ಉಳಿಯುತ್ತವೆ. ಒಂಟಿ ಹೆಂಗಸಿಗೆ ದಿನಕ್ಕೆ ಆರು ಮನೆಯ ಮಾತು ಎಂದರೆ ಏನೆಂಬುದು, ಮಾತು ಕೇಳಿ ಬೇಸತ್ತ ನಮಗೆ ತಿಳಿಯುವುದಿಲ್ಲ. ಅದು ಹೋದರೆ ಆಕೆಗೆ ಉಳಿಯುವುದು ಕೆಳಗಿನ ಬೈಂಡರನ ಕೆಮ್ಮು ಮಾತ್ರ.

ಮಂಗಳವಾರ ಸಂಜೆ ತಪಾಸಣೆಯವನು ಬಂದ. ಆಕೆ ಇದ್ದ ಒಂದೇ ಕುರ್ಚಿಯನ್ನು ಅವನಿಗೆ ಹಾಕಿ ತಾನು ನಿಂತಳು.

"ಗಣತಿ ದಿನ ಇಲ್ಲೇ ಇದ್ದೆ. ಯಾರೂ ಬರ್ಲಿಲ್ಲ. ಬೇರೆಲ್ಲೂ ನನ್ನನ್ನ ಬರ್ಸಿಲ್ಲ, ವಿಚಾರಿಸ್ದೆ."

ಅವನು ಬರೆದುಕೊಂಡ. "ಬಿಟ್ಟುಹೋದೋರು. ಒಂದು. ಕಾರಣ?"

"ಬಾಗಿಲ ಮೇಲಿರೋ ನಂಬರ್ ನಾನೇ ಬರೆದದ್ದು. ನನ್ನ ಬ್ಲಾಕ್ ಅಲ್ಲದಿದ್ರೂ ಬರೆದೆ. ಅದನ್ನ ನೋಡಿ ಮೇಷ್ಟ್ರು ಮುಂದೆ ಹೋದ್ರು. ಅವರದ್ದು ತಪ್ಪಿಲ್ಲ."

ಅವನು ಕೋಡ್ ಪಟ್ಟಿಯ ಮೇಲೆ ಬೆರಳಾಡಿಸಿದ. ಬೀಗ ಹಾಕಿತ್ತು, ಒಂದು. ಉತ್ತರಿಸಲು ಒಪ್ಪಲಿಲ್ಲ, ಎರಡು. ಮನೆ ಕಣ್ಣಿಗೆ ಬೀಳಲಿಲ್ಲ, ಮೂರು. "ಇದಕ್ಕೆ ಕೋಡೇ ಇಲ್ಲಮ್ಮ."

"ಷರಾ ಕಾಲಂ ಇದೆ."

"ಅದನ್ನ ಯಾರೂ ಓದಲ್ಲ. ನಿಮಗೂ ಗೊತ್ತು, ನನಗೂ ಗೊತ್ತು. ಮೂರು ಅಂತ ಹಾಕಿ ಮುಗಿಸ್ತೀನಿ, ನಿಮಗೂ ತೊಂದ್ರೆ ಇಲ್ಲ."

"ಕಣ್ಣಿಗೆ ಬೀಳೋ ಹಾಗೇ ಬರೆದಿದ್ದೆ. ಷರಾದಲ್ಲಿ ಬರೀರಿ. ನಾನು ಹೇಳಿದ ಹಾಗೇ."

ಅವನು ಬರೆದ. ಆಕೆ ಪಕ್ಕದಲ್ಲಿ ನಿಂತು ಪ್ರತಿ ಅಕ್ಷರ ನೋಡಿದಳು. ಅವನು ಪೆನ್ನಿನ ಕ್ಯಾಪ್ ಹಾಕುವಾಗ, ಉತ್ತರ ಗೊತ್ತಿದ್ದರೂ ಕೇಳಿದಳು: "ಈಗ ನನ್ನನ್ನ ಲೆಕ್ಕಕ್ಕೆ ಸೇರಿಸ್ತಾರಾ?"

"ಇಲ್ಲಮ್ಮ. ಗಣತಿ ಸಂಖ್ಯೆ ಮುಗೀತು, ಅದನ್ನ ಮುಟ್ಟಲ್ಲ. ಇದು ಎಷ್ಟು ಜನ ತಪ್ಪಿಹೋದ್ರು ಅನ್ನೋ ಅಂದಾಜಿಗೆ ಅಷ್ಟೇ. ಇಲ್ಲಿ ನಿಮ್ಮಂಥೋರು ಒಬ್ಬರು ಸಿಕ್ಕಿದ್ರೆ, ನಾವು ಹೋಗದೇ ಇರೋ ಕಡೆ ಒಂದು ನಾನೂರು ಜನ ಹೀಗೇ ಬಿಟ್ಟುಹೋಗಿದಾರೆ ಅಂತ ಹಿಡೀತಾರೆ."

"ನಾನೂರು ಜನಕ್ಕೆ ನಾನೊಬ್ಬಳು."

"ಹೂಂ."

ಆಕೆ ಕೋಣೆಯನ್ನು ಒಮ್ಮೆ ನೋಡಿದಳು. "ಕುರ್ಚಿ ಒಂದೇ ಇದೆಯಲ್ಲ" ಎಂದಳು.

ಅವನು ಹೋದ ಮೇಲೆ ಒಂದು ಬಿಳಿ ಹಾಳೆ ತೆಗೆದುಕೊಂಡು, ನಂಬರ್ ಬರೆದದ್ದು ತಾನು, ಮೇಷ್ಟ್ರ ತಪ್ಪಿಲ್ಲ ಎಂದು ಬರೆದು ಸಹಿ ಹಾಕಿ ಮರುದಿನ ಕಚೇರಿಗೆ ಕೊಟ್ಟಳು.

ಇಪ್ಪತ್ತಾರು ವರ್ಷ ಆಕೆ ಷರಾ ಕಾಲಂನಲ್ಲಿ ಏನೇನೋ ಬರೆದಿದ್ದಳು. ಈ ಮನೆಯ ಗೋಡೆ ಇಂದೋ ನಾಳೆಯೋ ಬೀಳುವಂತಿದೆ. 52ನೇ ಮನೆಯ ಮಗುವಿಗೆ ಕಣ್ಣು ಕಾಣುತ್ತಿಲ್ಲ, ಯಾರೂ ತೋರಿಸಿಲ್ಲ. ಈ ಬೀದಿಯ ನೀರು ಕುಡಿಯುವಂತಿಲ್ಲ. ಒಂದಕ್ಕೂ ಒಬ್ಬನೂ ಉತ್ತರ ಬರೆಯಲಿಲ್ಲ. ಗೋಡೆ ಬಿತ್ತು, ಮುಂದಿನ ಸುತ್ತಿನಲ್ಲಿ ಆಕೆ ಆ ಮನೆಯ ಸದಸ್ಯರ ಸಂಖ್ಯೆಯಲ್ಲಿ ಎರಡು ಕಡಿಮೆ ಬರೆದಳು. ಅಂಥ ಷರಾಗಳನ್ನು ಓದದ ಮಹನೀಯರು ಇದೊಂದನ್ನು ಓದಿದರು. ಪತ್ರಗಳು ಓಡಾಡಿದವು. ಆಕೆಯ ಹಾಳೆ ಇದ್ದುದರಿಂದ ಮೇಷ್ಟ್ರಿಗೆ ‘ಇನ್ನು ಮುಂದೆ ಎಚ್ಚರ’ ಎಂದು ಒಂದು ಸಾಲು ಬಂತು. ಆಕೆಗೆ ಎರಡು ಸಾಲು. ನಿಗದಿತ ವ್ಯಾಪ್ತಿಯ ಹೊರಗೆ ಗುರುತು ಹಾಕಿದ ಕಾರಣ ಗುತ್ತಿಗೆಯನ್ನು ಮುಂದುವರಿಸಲಾಗುವುದಿಲ್ಲ. ಗುರುತಿನ ಚೀಟಿ ಮತ್ತು ಚೀಲ ಹಿಂದಿರುಗಿಸುವುದು. ಸುಳ್ಳು ಹೇಳಿದ್ದರೆ ಆಕೆ ಇಂದಿಗೂ ನಿಮ್ಮ ಬಾಗಿಲು ತಟ್ಟುತ್ತಿದ್ದಳು. ನಿಜ ಹೇಳಿ ಎಂದು ಜನರನ್ನು ಬೇಡಿಕೊಳ್ಳುವುದೇ ಕೆಲಸವಾದ ಇಲಾಖೆ, ನಿಜ ಹೇಳಿದವಳನ್ನು ನಡೆಸಿಕೊಂಡದ್ದು ಹೀಗೆ. ಊರ ಬಾಗಿಲಿನ ಬೋರ್ಡಿನಲ್ಲಿ ಹೊಸ ಜನಸಂಖ್ಯೆ ಬರೆಸಿದ್ದಾರೆ. ಅದರಲ್ಲಿ ಒಂದು ಕಡಿಮೆಯಿದೆ. ಯಾವ ಒಂದು ಎಂದು ಈಗ ನಿಮಗೆ ಗೊತ್ತು.

ಚೀಲ ಕೊಟ್ಟುಬಂದ ಮೇಲೆ ಮೂರು ವಾರ ಆಕೆ ಕೋಣೆ ಬಿಟ್ಟು ಹೊರಗೆ ಹೋದದ್ದು ಕಡಿಮೆ. ಯಾರ ಬಳಿಗೆ ಹೋಗುವುದು? ಹೋದರೆ ಏನೆಂದು ಹೋಗುವುದು? ನಾಲ್ಕನೇ ವಾರ ಗೋಡೆಯ ಕ್ಯಾಲೆಂಡರಿನಲ್ಲಿ ಒಂದು ತಾರೀಕಿಗೆ ತಾನೇ ಹಿಂದೆ ಹಾಕಿದ್ದ ಸುತ್ತು ಕಂಡಿತು. ಗುಂಡಿ ಅಜ್ಜಿಯ ಮನೆಯ ಐದನೇ ಸಲ. ಅಂದು ಹೊಸಬರು ಯಾರೋ ಹೋಗಿರುತ್ತಾರೆ. ಆಕೆ ಅದರ ಮರುದಿನ ಹೋದಳು. ಬಾಗಿಲು ತಟ್ಟಿದ ಮೇಲೆ ಕೈ ಎಲ್ಲಿಡಬೇಕೆಂದು ತಿಳಿಯಲಿಲ್ಲ. ಹೆಗಲಿನಲ್ಲಿ ಚೀಲ ಇರಲಿಲ್ಲ.

ಸೊಸೆ ಬಾಗಿಲು ತೆರೆದು, "ನಿನ್ನೆ ಒಬ್ಬರು ಬಂದು ಬರ್ಕೊಂಡು ಹೋದ್ರಲ್ಲ" ಎಂದಳು. ಒಳಗಿನಿಂದ ಅಜ್ಜಿಯ ದನಿ: "ಯಾರದು, ಎಷ್ಟು ಜನ ಅಕ್ಕನಾ? ಒಳಗೆ ಕಳಿಸೇ."

ಅಜ್ಜಿ ಅದೇ ಗೋಡೆಗೆ ಒರಗಿದ್ದಳು, ಅದೇ ಬಿಳಿ ಅಂಗಿಗಳ ನಡುವೆ.

"ಫಾರಂ ಎಲ್ಲಮ್ಮ?"

"ತಂದಿಲ್ಲ ಅಜ್ಜಿ."

"ಹಾಗಾದ್ರೆ ಯಾಕೆ ಬಂದ್ರಿ?"

"ಸುಮ್ನೆ."

ಅಜ್ಜಿ ಆಕೆಯನ್ನು ಒಂದು ಕ್ಷಣ ನೋಡಿದಳು. ಆಮೇಲೆ ಪಕ್ಕದ ಅಂಗಿಗಳನ್ನು ಎತ್ತಿ ಆಚೆಗಿಟ್ಟು, ಒಬ್ಬರು ಕೂರುವಷ್ಟು ಜಾಗ ಮಾಡಿದಳು. ಆಕೆ ಕೂತಳು. ಅಜ್ಜಿ ಸೂಜಿಯನ್ನೂ ದಾರವನ್ನೂ ಆಕೆಯ ಕೈಗೆ ಕೊಟ್ಟಳು, ಪೋಣಿಸಿಕೊಡು ಎನ್ನುವ ಹಾಗೆ.

"ನಿನ್ನೆ ಬಂದಿದ್ದೋಳು ಗಡಿಬಿಡಿಯೋಳು. ನೀರೂ ಕೇಳ್ಲಿಲ್ಲ." ಅಜ್ಜಿ ಗುಂಡಿಯ ಡಬ್ಬಿ ಅಲ್ಲಾಡಿಸಿದಳು. "ನೀವು ಒಂದು ವರ್ಷ ನನ್ನ ಕೇಳಿದ್ರಿ. ಈಗ ನಾನು ಕೇಳ್ತೀನಿ. ಕಳೆದ ಏಳು ದಿನದಲ್ಲಿ ಏನ್ ಮಾಡಿದ್ರಿ?"

"ನಾನಾ? ನಾನೇನು ಮಾಡ್ತೀನಜ್ಜಿ."

"ನಿನ್ನೆಯಿಂದ ಶುರು ಮಾಡಿ. ಹಾಗೇ ಹಿಂದಕ್ಕೆ. ನೀವೇ ಅಲ್ವಾ ಹೇಳಿಕೊಟ್ಟಿದ್ದು?"

ಆಕೆ ದಾರದ ತುದಿಯನ್ನು ನಾಲಿಗೆಗೆ ಹಚ್ಚಿ ಚೂಪು ಮಾಡಿದಳು. ಮೊದಲ ಸಲ ಸೂಜಿಯ ಕಣ್ಣಿಗೆ ಹೋಗಲಿಲ್ಲ.

"ನಿನ್ನೆ ಬಟ್ಟೆ ಒಗೆದೆ. ಯಾರೂ ಬರ್ಲಿಲ್ಲ. ಇಲ್ಲಿಗೆ ಬರೋಣ ಅಂತ ಅಂದ್ಕೊಂಡು ಮೆಟ್ಟಿಲಿಳಿದು, ಮತ್ತೆ ಹತ್ತಿದೆ."

"ಮೊನ್ನೆ?"

ಆಕೆ ದಾರದ ತುದಿಯನ್ನು ಮತ್ತೆ ನಾಲಿಗೆಗೆ ಹಚ್ಚಿದಳು.

"ನಿಧಾನಕ್ಕೆ ಹೇಳಿ" ಎಂದಳು ಅಜ್ಜಿ. "ಇನ್ನೂ ಆರು ದಿನ ಇದೆ."